ನಮ್ಮ ಜಿಲ್ಲೆಯ ಗ್ರಂಥಾಲಯಗಳ ಮೇಲಿನ ಸಂಶೋಧನೆ ಹೊರದೇಶದವರಿಗೆ ಯಾಕೆ ತಲುಪುತ್ತಿಲ್ಲ?

ಬೆಳಗಾವಿ ಜಿಲ್ಲೆಯ ಸಾರ್ವಜನಿಕ ಗ್ರಂಥಾಲಯಗಳ ಮೇಲೆ 6 ಲೇಖನ ಬರೆದೆ, ಸಂಶೋಧನಾ ಲೇಖನಗಳ ಡೇಟಾಬೇಸ್ ಆದ ಸ್ಕೋಪಸ್‌ನಲ್ಲಿ ಎರಡೇ ಸೈಟೇಷನ್ (ಬೇರೆ ಲೇಖಕರು ಉಲ್ಲೇಖಿಸಿದ್ದು) ಕಾಣುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಬೇಸರ ಮಾಡ್ಕೋಬೇಡಿ. ನಾನು ಪುಣೆಯ ಕಾಲೇಜೊಂದರಲ್ಲಿ 18 ವರ್ಷದಿಂದ ಲೈಬ್ರರಿಯನ್. ಆ ಅಂಕಿಯನ್ನು ನಂಬುವ ಮೊದಲು ನಿಮ್ಮ ಹೆಸರನ್ನೇ ಹುಡುಕಿ ನೋಡಿ.

ಯಾಕೆ ಹೇಳುತ್ತೇನೆ ಅಂದರೆ, ಧಾರವಾಡದಲ್ಲಿ ಓದುವಾಗ ನನ್ನ ಹೆಸರಿನ ಹಿಂದೆ ಊರಿನದೂ ಅಪ್ಪನದೂ ಇನಿಶಿಯಲ್ ಇತ್ತು. ಪುಣೆಗೆ ಬಂದ ಮೇಲೆ ಇಲ್ಲಿನ ಪದ್ಧತಿಯಂತೆ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಪೂರ್ತಿ ಬಂತು. ಒಂದು ಪತ್ರಿಕೆಯವರು ಇನಿಶಿಯಲ್ಲನ್ನೇ ಬಿಟ್ಟರು. ಡೇಟಾಬೇಸ್ ಲೆಕ್ಕದಲ್ಲಿ ನಾನು ಮೂರು ಜನ, ಸೈಟೇಷನ್ನೂ ಮೂರು ಪಾಲು. ಹೆಸರು ಹೇಗೇ ಬರೆದರೂ ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಐಡಿ ಉಚಿತವಾಗಿ ಸಿಗುತ್ತದೆ. ಇವತ್ತೇ ಮಾಡಿಕೊಳ್ಳಿ, ಹಳೆಯ ಲೇಖನಗಳನ್ನೂ ಅದಕ್ಕೆ ಸೇರಿಸಿ.

ಇನ್ನು ಅಳೆಯುವ ಮಾತು. ಸ್ಕೋಪಸ್ ಮುಖ್ಯವಾಗಿ ತಾನು ಆರಿಸಿಕೊಂಡ ಪತ್ರಿಕೆಗಳನ್ನೇ ಎಣಿಸುತ್ತದೆ. ಗೂಗಲ್ ಸ್ಕಾಲರ್ ಪಿಎಚ್‌ಡಿ ಪ್ರಬಂಧ, ವರದಿಗಳನ್ನೂ ಹಿಡಿಯುತ್ತದೆ, ಅಲ್ಲಿ ಅಂಕಿ ಸಾಮಾನ್ಯವಾಗಿ ಜಾಸ್ತಿ. 2022ರಲ್ಲಿ ಬಂದ ಇಂಥದ್ದೇ ಡೇಟಾಬೇಸ್ ಓಪನ್‌ಅಲೆಕ್ಸ್ ಕೂಡ ನೋಡಿ. ವೈದ್ಯಕೀಯದವರ ಎಚ್-ಇಂಡೆಕ್ಸ್ (ಲೇಖನ, ಸೈಟೇಷನ್ ಎರಡನ್ನೂ ಸೇರಿಸಿ ಅಳೆಯುವ ಅಂಕಿ) ಜೊತೆ ಸುಮ್ನೆ ಹೋಲಿಸಿಕೊಳ್ಳಬೇಡಿ, ಅಲ್ಲಿ ಬರೆಯುವವರೇ ಎಷ್ಟೋ ಪಟ್ಟು ಹೆಚ್ಚು. ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಬೇಕು ಎನ್ನುವುದು ಸಂಶೋಧನೆಯನ್ನು ಅಂಕಿಗಳಿಂದ ಹೇಗೆ ಅಳೆಯಬೇಕು ಎಂದು ಹೇಳುವ 2015ರ ಲೈಡನ್ ಮ್ಯಾನಿಫೆಸ್ಟೋದ 10 ಸೂತ್ರಗಳಲ್ಲಿ ಒಂದು. ಪ್ರಮೋಷನ್ ಸಮಿತಿ ಕೇಳಿದರೆ ಅದನ್ನು ಮುಂದಿಡಿ.

ಆದರೆ ನಿಜವಾದ ಕೆಲಸ ಇರುವುದು ಪ್ರಶ್ನೆ ಕೇಳುವ ರೀತಿಯಲ್ಲಿ. 'ಬೆಳಗಾವಿ ಓದುಗರ ತೃಪ್ತಿ' ಎಂದರೆ ಕೀನ್ಯಾದವರು ಯಾಕೆ ತೆರೆಯಬೇಕು? ನೀವಿರುವುದು ಗಡಿಯಲ್ಲಿ ಅಲ್ವಾ, ಅದೇ ನಿಮ್ಮ ಬಂಡವಾಳ. ಕರ್ನಾಟಕದ 1965ರ ಕಾಯ್ದೆಯಲ್ಲಿ ಜನರಿಂದ ಗ್ರಂಥಾಲಯ ಕರ ಪಡೆಯಲು ಅವಕಾಶವಿದೆ. ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಆ ಕರವೇ ಇಲ್ಲ. ಇಲ್ಲಿ ಊರಿನ ಸಂಸ್ಥೆಗಳು ನಡೆಸುವ ವಾಚನಾಲಯಗಳಿಗೆ ಅ, ಬ, ಕ, ಡ ಎಂದು ದರ್ಜೆ ಕೊಟ್ಟು ಸರ್ಕಾರ ಅನುದಾನ ಕೊಡುತ್ತದೆ. ಕರದಿಂದ ನಡೆದರೆ ಓದುಗನಿಗೆ ಒಳ್ಳೆಯದೋ, ಅನುದಾನದಿಂದಲೋ? ಈ ಪ್ರಶ್ನೆ ಯಾವ ದೇಶದ ಲೈಬ್ರರಿಯನ್‌ಗೂ ಬೇಕು. ಬೆಳಗಾವಿ, ಕೊಲ್ಲಾಪುರ ಎರಡನ್ನೂ ಒಂದೇ ಪ್ರಶ್ನಾವಳಿಯಿಂದ ನೋಡಿ.

ಕನ್ನಡದಲ್ಲಿ ಬರೆದದ್ದನ್ನು ಬಿಡಬೇಡಿ, ಇಂಗ್ಲಿಷ್ ಶೀರ್ಷಿಕೆ ಮತ್ತು ಸಾರಾಂಶ ಸೇರಿಸಿ. ಪತ್ರಿಕೆ ಒಪ್ಪಿದರೆ ಲೇಖನವನ್ನು ಗ್ರಂಥಾಲಯ ವಿಜ್ಞಾನದ ಲೇಖನಗಳನ್ನಿಡುವ ಆನ್‌ಲೈನ್ ಭಂಡಾರ ಇ-ಲಿಸ್‌ನಲ್ಲಿ ಹಾಕಿ. ಪ್ರಶ್ನಾವಳಿ, ಅಂಕಿಅಂಶಗಳನ್ನು ಓದುಗರ ಹೆಸರು ತೆಗೆದು ಸಂಶೋಧನಾ ಡೇಟಾ ಇಡುವ ತಾಣ ಝೆನೋಡೊದಲ್ಲಿಡಿ, ಡಿಒಐ (ಶಾಶ್ವತ ಗುರುತಿನ ಸಂಖ್ಯೆ) ಉಚಿತವಾಗಿ ಸಿಗುತ್ತದೆ. ಇಲ್ಲಿ ಪುಣೆ ವಿಶ್ವವಿದ್ಯಾಲಯದಿಂದ ನಡೆಯುತ್ತಿದ್ದ, ನಂಬಬಹುದಾದ ಪತ್ರಿಕೆಗಳನ್ನು ಹೆಸರಿಸುವ ಯುಜಿಸಿ-ಕೇರ್ ಪಟ್ಟಿ 2025ರಲ್ಲಿ ನಿಂತಿದೆ, ಪತ್ರಿಕೆಯನ್ನು ನೀವೇ ಪರೀಕ್ಷಿಸಿಕೊಳ್ಳಬೇಕು. ಹಾಗಾಗಿ ವಾರದೊಳಗೆ ಪ್ರಕಟಿಸುತ್ತೇವೆ, ಹಣ ಕಳಿಸಿ ಎನ್ನುವವರಿಂದ ದೂರವಿರಿ.

ಅನುದಾನದ ಮರಾಠಿ ವರದಿಗಳನ್ನು ಓದಲು ಕಷ್ಟವಾದರೆ ಇಲ್ಲೇ ಕೇಳಿ, ನಾನು ಓದಿ ಹೇಳುತ್ತೇನೆ.