ಮನೇಲಿ ಮಾಡಿದ ಹುಳಿ ಬಿಯರ್‌ಗೆ ಕೆಗ್‌ನಲ್ಲೇ (ಬಿಯರ್ ತುಂಬಿಡೋ ಲೋಹದ ಪೀಪಾಯಿ) ಸಕ್ಕರೆ ಹಾಕಿ ಗ್ಯಾಸ್ ಬರಿಸಬಹುದಾ?

ಖಂಡಿತ ಆಗುತ್ತೆ, ಸಿಲಿಂಡರ್‌ನಿಂದ ಕಾರ್ಬನ್ ಡೈಆಕ್ಸೈಡ್ ತುಂಬೋದಕ್ಕಿಂತ ಹುಳಿ ಬಿಯರ್‌ಗೆ ಇದೇ ಒಳ್ಳೇದು ಅಂತೀನಿ, ಯಾಕಂದ್ರೆ ಕೆಗ್‌ಗೆ ಸುರಿಯುವಾಗ ಸೇರ್ಕೊಂಡ ಆಕ್ಸಿಜನ್‌ನ ಯೀಸ್ಟ್ ಬಳಸ್ಕೊಂಡುಬಿಡುತ್ತೆ, ಇಲ್ದಿದ್ರೆ ಬ್ರೆಟ್ (ಬ್ರೆಟನೊಮೈಸಿಸ್ ಅನ್ನೋ ಕಾಡು ಯೀಸ್ಟ್) ಇರೋ ಬಿಯರ್‌ಗೆ ಇಲಿ ವಾಸನೆ ಥರದ ರುಚಿ ಬರೋ ಚಾನ್ಸ್ ಜಾಸ್ತಿ. 19 ಲೀಟರ್ ಕಾರ್ನಿ ಕೆಗ್‌ಗೆ (ಮನೆ ಬಿಯರ್‌ಗೆ ಬಳಸೋ ಸ್ಟೀಲ್ ಕೆಗ್) 110 ಗ್ರಾಂ ಸಕ್ಕರೆ ಸಾಕು, ಸ್ವಲ್ಪ ನೀರಲ್ಲಿ ಕುದಿಸಿ ಆರಿಸಿ ಹಾಕಿ.

ಮುಖ್ಯ ವಿಷ್ಯ ಯೀಸ್ಟು. ತಿಂಗಳುಗಟ್ಟಲೆ ಹುಳಿಯಲ್ಲಿ ಕೂತಿರೋ ಹಳೇ ಯೀಸ್ಟ್‌ನ ನಂಬ್ಬೇಡಿ, ಪಿಎಚ್ (ಹುಳಿಯ ಅಳತೆ) 3.3ರ ಹತ್ರ ಇದ್ರಂತೂ ಇಸಿ-1118 ಥರದ ಶಾಂಪೇನ್ ಯೀಸ್ಟ್ ತಗೊಂಡು ಬೆಚ್ಚಗಿನ ನೀರಲ್ಲಿ ನೆನೆಸಿ, ಅದಕ್ಕೆ ಅದೇ ಬಿಯರನ್ನ ಸ್ವಲ್ಪ ಸ್ವಲ್ಪನೇ ಬೆರೆಸ್ತಾ ಹುಳಿಗೆ ಒಗ್ಗಿಸಿ ಆಮೇಲೆ ಕೆಗ್‌ಗೆ ಹಾಕಿ. ಗ್ರ್ಯಾವಿಟಿ (ಬಿಯರಲ್ಲಿ ಉಳಿದ ಸಕ್ಕರೆ ಎಷ್ಟು ಅಂತ ತೋರಿಸೋ ಸಾಂದ್ರತೆ) ಇಳಿಯೋದು ಪೂರ್ತಿ ನಿಂತಿರ್ಬೇಕು ಅಷ್ಟೇ.

ಮುಚ್ಚಳದ ರಬ್ಬರ್ ರಿಂಗ್ ಕೂರೋಕೆ ಶುರುವಲ್ಲಿ ಒಂದ್ಸಲ ಸಿಲಿಂಡರ್‌ನಿಂದ 30 ಪಿಎಸ್‌ಐ (ಒತ್ತಡದ ಅಳತೆ) ಗ್ಯಾಸ್ ಕೊಡ್ಲೇಬೇಕು, ಇಲ್ಲಾಂದ್ರೆ ಒಳಗೆ ಹುಟ್ಟಿದ ಗ್ಯಾಸೆಲ್ಲ ಸಂದಿಯಲ್ಲಿ ಸೋರಿಹೋಗುತ್ತೆ, ಸೋಪಿನ ನೀರು ಸವರಿ ನೋಡಿ, ಗುಳ್ಳೆ ಎದ್ರೆ ಲೀಕ್. ಎರಡು ಮೂರು ವಾರ 20 ಡಿಗ್ರಿಯಲ್ಲಿ ಬಿಟ್ರೆ ಒತ್ತಡದ ಗೇಜ್ 25 ಪಿಎಸ್‌ಐ ಆಸುಪಾಸು ನಿಲ್ಲುತ್ತೆ, ಆಗ ಫ್ರಿಡ್ಜ್‌ಗೆ ಇಡಿ. ಮೊದಲ ಗ್ಲಾಸಲ್ಲಿ ಗಸಿ ಬರುತ್ತೆ, ಚೆಲ್ಲಿಬಿಡಿ. ಆ ಪೈಪು, ರಬ್ಬರ್ ರಿಂಗುಗಳನ್ನ ಮಾತ್ರ ಬೇರೆ ಬಿಯರ್‌ಗೆ ಬಳಸ್ಬೇಡಿ.