ಕೈಗೆ ಕೆಲಸ ಬರುತ್ತದೆ, ಜಾಗ ಒಗ್ಗುತ್ತಿಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 29. ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿದವರು, ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೆಲವು ತಿಂಗಳಿಂದ ಶಿಫ್ಟಿಗೆ ತಡವಾಗಿ ಬರುತ್ತಿದ್ದರು, ಬೇಕೆಂದೇ ನಿಧಾನ ಮಾಡುತ್ತಿದ್ದರು. ಕೊನೆಗೆ ಡಿಸ್ಪ್ಯಾಚ್ ದಿನವೇ ಗೇಜ್ (ಪೀಸಿನ ಅಳತೆ ಪರೀಕ್ಷಿಸುವ ಉಪಕರಣ) ಬಚ್ಚಿಟ್ಟು ಸಿಕ್ಕಿಬಿದ್ದರು. ಕಂಪನಿ ಎಚ್ಚರಿಕೆ ಪತ್ರ ಕೊಟ್ಟು, ಮತ್ತೆ ತರಬೇತಿಗೂ ಕಳಿಸಿತ್ತು.

ತರಬೇತಿಯಿಂದ ಸರಿಹೋಗುವಂಥದ್ದು ಇಲ್ಲೇನೂ ಇರಲಿಲ್ಲ. ಕೆಲಸ ಚೆನ್ನಾಗಿ ಬಲ್ಲರು, ಸಂಬಳದ ತಕರಾರೂ ಇಲ್ಲ. ಗೇಜಿನ ನೋ-ಗೋ ತುದಿ (ಸರಿಯಾದ ರಂಧ್ರದೊಳಗೆ ಹೋಗಬಾರದ ತುದಿ) ರಂಧ್ರದೊಳಗೆ ಹೋಯಿತೆಂದರೆ ರಂಧ್ರ ಅಳತೆ ಮೀರಿದೆ, ಪೀಸ್ ರಿಜೆಕ್ಟ್. ತಿಂಗಳ ಕೊನೆಯಲ್ಲಿ ಅಂಥ ಪೀಸಿಗೂ "ಓಕೆ ಹಾಕ್ರೀ, ಲಾರಿ ಕಾಯ್ತಿದೆ" ಎಂದು ಸೂಪರ್‌ವೈಸರ್ ಸಹಿ ಮಾಡಿಸುತ್ತಿದ್ದರು. ಇವರಿಗೆ ಒಗ್ಗದೆ ಹೋದದ್ದು ಅದು. ಕೌಶಲ ಸಾಲದವರು ತಪ್ಪು ಮಾಡುತ್ತಾರೆ. ತಮ್ಮ ಮೌಲ್ಯಕ್ಕೂ ಸಂಸ್ಥೆಯ ಮೌಲ್ಯಕ್ಕೂ ಹೊಂದಿಕೆಯಾಗದವರು, ಬಾಯಿಬಿಟ್ಟು ಹೇಳಲು ದಾರಿಯಿಲ್ಲದಾಗ, ಹೀಗೆ ಸೇಡು ತೀರಿಸಿಕೊಳ್ಳುವುದುಂಟು. ಕೆಲಸದ ಜಾಗದ ಹಾನಿಕರ ವರ್ತನೆಯನ್ನು ಸಂಶೋಧಕರಾದ ರಾಬಿನ್ಸನ್ ಮತ್ತು ಬೆನೆಟ್ 1995ರಲ್ಲಿ ಸಂಸ್ಥೆಯ ಮೇಲಿನದು, ವ್ಯಕ್ತಿಗಳ ಮೇಲಿನದು ಎಂದು ಬೇರ್ಪಡಿಸಿದರು. ಇವರ ಸಿಟ್ಟೆಲ್ಲ ಸಂಸ್ಥೆಯ ಮೇಲೆ. ಜೊತೆಗಾರರ ಮೇಲೆ ಒಮ್ಮೆಯೂ ರೇಗಿದವರಲ್ಲ. ಆದರೂ ಗೇಜ್ ಸಿಗದ ಆ ರಾತ್ರಿ ಲಾಟ್ (ಒಟ್ಟಿಗೆ ಕಳಿಸುವ ಪೀಸುಗಳ ಗುಂಪು) ಮುಗಿಯುವ ತನಕ ಕಾದು ಕೂತವರು ಪ್ಯಾಕಿಂಗ್‌ನ ಗುತ್ತಿಗೆ ಹೆಣ್ಣುಮಕ್ಕಳು. ಇದನ್ನು ಇನ್‌ಸ್ಪೆಕ್ಟರ್ ಮುಂದೆ ಇಟ್ಟಾಗ ಬಹಳ ಹೊತ್ತು ಮಾತಾಡಲಿಲ್ಲ.

ಕೊಟ್ಟ ಸಲಹೆ: ಬಚ್ಚಿಡುವುದು, ನಿಧಾನ ಮಾಡುವುದು ಇವತ್ತಿಗೇ ನಿಲ್ಲಬೇಕು. ಆಂತರಿಕ ವಿಚಾರಣೆ ನಡೆದರೆ ಅಲ್ಲಿ ಗೇಜಿನ ಮಾತೇ ಬರುತ್ತದೆ, ಕೆಟ್ಟ ಪೀಸಿನ ಮಾತು ಮುಚ್ಚಿಹೋಗುತ್ತದೆ. ಅಳತೆ ಮೀರಿದ ಲಾಟಿಗೆ ಹೋಲ್ಡ್ ಟ್ಯಾಗ್ (ತಡೆಹಿಡಿದಿದೆ ಎಂಬ ಚೀಟಿ) ಕಟ್ಟಿ, ಅಳತೆಯನ್ನು ಶೀಟಿನಲ್ಲಿ ಬರೆಯಿರಿ. ಕಳಿಸಲೇಬೇಕು ಎಂದರೆ ಕ್ವಾಲಿಟಿ ಹೆಡ್ ಸಹಿಯಿರುವ ಡೀವಿಯೇಷನ್ ನೋಟ್ (ಅಳತೆ ತಪ್ಪಿದ್ದರೂ ಕಳಿಸಲು ಕೊಡುವ ಲಿಖಿತ ಒಪ್ಪಿಗೆ) ಕೇಳಿ. ಅದು ಬರುವ ತನಕ ನಿಮ್ಮ ಸಹಿ ಬೇಡ. ಎರಡು ವಾರ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ: ಸಿಟ್ಟು ಬಂದ ಹೊತ್ತು, ಅದಕ್ಕೆ ಮುಂಚೆ ಯಾರು ಏನಂದರು, ನೀವೇನು ಮಾಡಿದಿರಿ, ಅದರ ಪೆಟ್ಟು ಯಾರಿಗೆ ಬಿತ್ತು.

ಅವರ ಒಪ್ಪಿಗೆ ಪಡೆದು ಎಚ್‌ಆರ್‌ಗೆ ಹೇಳಿದ್ದು ಒಂದೇ ಮಾತು: ಇನ್‌ಸ್ಪೆಕ್ಟರ್ ಪ್ರೊಡಕ್ಷನ್ ಸೂಪರ್‌ವೈಸರ್ ಕೈಕೆಳಗೆ ಇರಬಾರದು, ಕ್ವಾಲಿಟಿ ಹೆಡ್‌ಗೆ ವರದಿ ಮಾಡಬೇಕು. ಇದೊಂದು ಬದಲಾಗದಿದ್ದರೆ ಮುಂದೆ ಬರುವವರೂ ಇದೇ ಇಕ್ಕಟ್ಟಿಗೆ ಸಿಗುತ್ತಾರೆ.

ಎರಡು ತಿಂಗಳಲ್ಲಿ ಹೋಲ್ಡ್ ಟ್ಯಾಗಿಗೆ ಬೆಲೆ ಬರದಿದ್ದರೆ ಬೇರೆ ಕೆಲಸ ಹುಡುಕುವುದೇ ಸರಿ ಎಂದೂ ಹೇಳಲಾಯಿತು. ಆಗ ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: "ನಾನು ಲಾಟ್ ತಡೆದರೆ, ಅದನ್ನು ಬಿಡಿಸುವ ಅಧಿಕಾರ ಯಾರಿಗಿದೆ?"