ಕುಡಿದು ಬೀದಿಯಲ್ಲಿ ಗಲಾಟೆ ಮಾಡುವವರಿಗೆ ದಂಡ ಜಾಸ್ತಿ ಮಾಡಿದರೆ ಸಾಕಾ?

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬಾರ್ ಮುಚ್ಚುವ ಹೊತ್ತಿನ ಗಲಾಟೆ ಬಗ್ಗೆ ಕೇಳಿದ್ದೀರಿ. ದಂಡ ಒಂದೇ ಸಾಲದು. ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆ) 510ನೇ ಸೆಕ್ಷನ್‌ನಲ್ಲಿ ಅದು ಬರೀ 10 ರೂಪಾಯಿವರೆಗೆ ಇತ್ತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 355ನೇ ಸೆಕ್ಷನ್‌ನಲ್ಲಿ 1,000 ರೂಪಾಯಿವರೆಗೆ ಏರಿದೆ, ಜೊತೆಗೆ 24 ಗಂಟೆವರೆಗೆ ಜೈಲೂ ಆಗಬಹುದು. ಅದೇ ಸೆಕ್ಷನ್‌ನಲ್ಲಿ ಸಮುದಾಯ ಸೇವೆಯೂ ಇದೆ. ನನಗೆ ಸರಿ ಅನ್ನಿಸುವುದು ಅದೇ. ದುಡ್ಡಿದ್ದವನು ಸಾವಿರ ಬಿಸಾಕಿ ಹೋಗುತ್ತಾನೆ, ಕೂಲಿಯವನು ಕಟ್ಟಿದರೆ ಮನೆಯ ರೇಷನ್‌ಗೇ ಕತ್ತರಿ. ಬೆಳಗ್ಗೆ ಬೆಣ್ಣೆದೋಸೆ ಅಂಗಡಿಯವರು ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ವಾಂತಿ, ಒಡೆದ ಬಾಟಲಿ ಚೂರು, ಪಾಪ ಅವರೇ ಬಕೆಟ್, ಪೊರಕೆ ಹಿಡಿದು ತೊಳೆಯಬೇಕು. ಆ ಪೊರಕೆ ಗಲಾಟೆ ಮಾಡಿದವನ ಕೈಗೆ ಹೋಗಬೇಕು ಅಲ್ವಾ? ಆದರೆ ಅದನ್ನು ಕೋರ್ಟೇ ಹೇಳಬೇಕು, ಪೊಲೀಸರು ರಸ್ತೆಯಲ್ಲೇ ಶಿಕ್ಷೆ ಕೊಡುವ ಹಾಗಿಲ್ಲ.